ನಿಧಿ ಹುಡುಕೋ ಹವ್ಯಾಸ, ಅಮಾವಾಸ್ಯೆ, ಮತ್ತು ನನ್ನ ಚೀಲದಲ್ಲಿದ್ದ ಲಿಂಬೆಹಣ್ಣು

ಇಳಕಲ್_ಸೆರಗು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು, ನಮ್ಮ ಮನೆಯವರು ಒಂದೂವರೆ ವರ್ಷದಿಂದ ಜಿಯೋಕ್ಯಾಶಿಂಗ್ ಆಡುತ್ತಿದ್ದೇವೆ. ಗೊತ್ತಿಲ್ಲದವರಿಗೆ ಹೇಳ್ತೀನಿ. ಯಾರೋ ಒಬ್ಬರು ಊರ ಹೊರಗೆ ಒಂದು ಸಣ್ಣ ಡಬ್ಬಿ ಬಚ್ಚಿಡುತ್ತಾರೆ. ಆ ಡಬ್ಬಿಗೆ ಇಂಗ್ಲಿಷಿನಲ್ಲಿ ಕ್ಯಾಶ್ (cache) ಅಂತಾರೆ. ಒಳಗೆ ಹೆಸರು ಬರೆಯಲು ಒಂದು ಚಿಕ್ಕ ಪುಸ್ತಕ, ಜೊತೆಗೆ ಗೋಲಿ, ಕೀ ಚೈನ್, ಬಳೆ ಅಂಥದ್ದು ಏನಾದರೂ ಇರುತ್ತದೆ. ಅದರ ಅಕ್ಷಾಂಶ ರೇಖಾಂಶವನ್ನು ಆ್ಯಪ್‌ಗೆ ಹಾಕುತ್ತಾರೆ. ಬೇರೆಯವರು ಮೊಬೈಲ್ ಹಿಡಿದು ಹೋಗಿ ಹುಡುಕಿ, ಹೆಸರು ಬರೆದು, ಡಬ್ಬಿ ಇದ್ದಲ್ಲೇ ಇಟ್ಟು ಬರಬೇಕು. ಏನಾದರೂ ತಗೊಂಡರೆ ಅಷ್ಟೇ ಬೆಲೆಯ ಇನ್ನೊಂದು ವಸ್ತು ಇಡಬೇಕು. ಇಷ್ಟೇ ಆಟ.

ಪುಣೆಯಲ್ಲಿ ನನ್ನ ಅಣ್ಣ ಕಲಿಸಿದ. ಜಗತ್ತಿನಲ್ಲಿ 30 ಲಕ್ಷಕ್ಕೂ ಜಾಸ್ತಿ ಡಬ್ಬಿಗಳಿವೆಯಂತೆ. ನಮ್ಮ ಸುತ್ತಮುತ್ತ ಹುಡುಕಲು ಹೆಚ್ಚೇನೂ ಸಿಗಲಿಲ್ಲ. ಹಾಗಾಗಿ ನಾವೇ ಒಬ್ಬರಿಗೊಬ್ಬರು ಬಚ್ಚಿಡಲು ಶುರು ಮಾಡಿದೆವು. ಒಂದು ಭಾನುವಾರ ಅವರದು, ಒಂದು ಭಾನುವಾರ ನನ್ನದು. ಇಟ್ಟವರು ಬಾಯಿ ಬಿಡುವಂತಿಲ್ಲ. ಒಂದು ಸುಳಿವು ಕೇಳಿದರೆ ಒಂದು ಪ್ಲೇಟ್ ಮಿರ್ಚಿ ಭಜಿ ಕೊಡಿಸಬೇಕು.

ಈಗ ತಾಪತ್ರಯಕ್ಕೆ ಬರ್ತೀನಿ. ಹೋದ ಭಾನುವಾರ ಬಾದಾಮಿಯಿಂದ ಮಹಾಕೂಟದ ಕಡೆ ಒಂದು ಗುಡ್ಡಕ್ಕೆ ಹೋಗಿದ್ದೆವು. ನಾನು ಕಲ್ಲು ಸರಿಸಲು ಮನೆಯ ಕುರ್ಪಿ ತಂದಿದ್ದೆ. ಶರಬತ್ತಿಗೆ ಅಂತ ಚೀಲದಲ್ಲಿ ನಾಲ್ಕು ಲಿಂಬೆಹಣ್ಣು ಇದ್ದವು. ಡಬ್ಬಿಯಲ್ಲಿ 2011ರಲ್ಲಿ ನಿಂತುಹೋದ ನಾಲ್ಕಾಣೆ ನಾಣ್ಯಗಳು. ಸಂಜೆ ಐದೂವರೆ. ಅವತ್ತು ಅಮಾವಾಸ್ಯೆ ಅನ್ನೋದು ನಮ್ಮಿಬ್ಬರ ತಲೆಯಲ್ಲೂ ಇರಲಿಲ್ಲ.

ಹತ್ತು ನಿಮಿಷದಲ್ಲಿ ಹದಿನೈದು ಜನ ಸುತ್ತುವರಿದರು. "ಯಾರ್ರೀ ನೀವು? ಏನ್ ಹುಡಕಾಕತ್ತೀರಿ ಇಲ್ಲೆ?" ಅಂತ ಒಬ್ಬ ಹಿರಿಯರು ಕೇಳಿದರು. ನಮ್ಮ ಮನೆಯವರು ಗಾಬರಿಯಲ್ಲಿ "ಕ್ಯಾಶ್ ಹುಡುಕಾಕತ್ತೀವ್ರೀ" ಅಂದುಬಿಟ್ಟರು! ಅವರಿಗೆ ಅರ್ಥವಾಗಿದ್ದು ರೊಕ್ಕ.

ಹೊಡೆತ ಬೀಳಲಿಲ್ಲ, ದೇವರು ದೊಡ್ಡವನು. ಎರಡು ತಾಸು ಕೂರಿಸಿಕೊಂಡರು. ಕೊನೆಗೆ ಡಬ್ಬಿಯಲ್ಲಿದ್ದ ಪುಸ್ತಕ ಓದಿದರು. ಅದರಲ್ಲಿ ನಾನು "ಇವತ್ತೂ ನೀವೇ ಸೋತಿರಿ, ಭಜಿ ಬಾಕಿ" ಅಂತ ಬರೆದಿದ್ದೆ. ಅದನ್ನು ಓದಿ ಎಲ್ಲರೂ ನಕ್ಕು ಬಿಟ್ಟರು.

ಈಗ ನಮ್ಮವರು ಈ ಆಟ ಸಾಕು ಅಂತಿದ್ದಾರೆ. ನನಗೆ ಬಿಡಲು ಮನಸ್ಸಿಲ್ಲ. ನಮ್ಮ ಕಡೆ ಇದನ್ನು ಆಡಲು ಸರಿಯಾದ ರೀತಿ ಯಾವುದು? ಆಡುವವರು ಇದ್ದರೆ ಹೇಳಿ.

ಕುಂದಾ_ಕಡಾಯಿ, ಬೆಳಗಾವಿ

ಅಮಾವಾಸ್ಯೆ, ಗುಡ್ಡ, ಕುರ್ಪಿ, ನಾಲ್ಕು ಲಿಂಬೆಹಣ್ಣು. ಒಂದು ಕರಿ ಕೋಳಿ ಕಮ್ಮಿ ಬಿತ್ತು ನೋಡಿ ಅಕ್ಕಾರೆ.

ಗುಮ್ಮಟದ_ಗಿಳಿ, ವಿಜಯಪುರ

"ಕ್ಯಾಶ್ ಹುಡುಕಾಕತ್ತೀವ್ರೀ" 😂😂 ಬಸ್ಸಿನಲ್ಲಿ ಕೂತು ಓದಿ ನಕ್ಕೆ. ಪಕ್ಕದವರು ಏನಾಯ್ತು ಅಂತ ಕೇಳಿದರು. ಅವರಿಗೂ ಓದಿ ಹೇಳಿದೆ.

ಹೊಲದ_ಬದು, ಬಾಗಲಕೋಟೆ ಜಿಲ್ಲೆ

ನಗೋ ಮಾತಲ್ಲ ಇದು. ನಾನು ಹಳ್ಳಿಯವನು, ಆ ಹದಿನೈದು ಜನರ ಪರವಾಗಿಯೇ ಮಾತಾಡ್ತೀನಿ.

ನಮ್ಮ ಹೊಲದ ಅಂಚಿಗೆ ಒಂದು ಹಾಳು ಗುಡಿ ಇದೆ. ಚಾಲುಕ್ಯರ ಕಾಲದ್ದು ಅಂತಾರೆ, ಬೋರ್ಡು ಗೀರ್ಡು ಏನೂ ಇಲ್ಲ. ನಾನು ಸಣ್ಣವನಿದ್ದಾಗ ಅದರೊಳಗೆ ಲಿಂಗ ಇತ್ತು. ಒಂದು ಅಮಾವಾಸ್ಯೆ ರಾತ್ರಿ ಯಾರೋ ಬಂದು ಲಿಂಗ ಕಿತ್ತು, ಕೆಳಗೆ ಆಳುದ್ದ ಗುಂಡಿ ತೋಡಿ ಹೋದರು. ಬೆಳಿಗ್ಗೆ ನೋಡಿದರೆ ಕುಂಕುಮ, ಲಿಂಬೆಹಣ್ಣು, ಒಡೆದ ತೆಂಗಿನಕಾಯಿ. ಲಿಂಗ ಎರಡು ಹೋಳು. ನಮ್ಮ ಅಜ್ಜ ಮೂರು ದಿನ ಊಟ ಮಾಡಲಿಲ್ಲ.

ಅವರಿಗೆ ಏನು ಸಿಕ್ಕಿತೋ ಬಿಟ್ಟಿತೋ. ಗುಂಡಿ ಮಾತ್ರ ನಮ್ಮ ಪಾಲಿಗೆ ಉಳಿಯಿತು. ಈ ಕಡೆ ಎಷ್ಟು ಊರುಗಳಲ್ಲಿ ಹೀಗಾಗಿದೆ ಅಂತ ಯಾರನ್ನು ಬೇಕಾದರೂ ಕೇಳಿ. ನಂದಿಯ ಹೊಟ್ಟೆ ಒಡೆದಿದ್ದಾರೆ, ವೀರಗಲ್ಲು ಉರುಳಿಸಿದ್ದಾರೆ. ಅದಕ್ಕೇ ಗುಡ್ಡದಲ್ಲಿ ಗುರುತಿಲ್ಲದವರು ಕಲ್ಲು ಸರಿಸೋದು ಕಂಡರೆ ನಮಗೆ ಎದೆ ಧಸಕ್ ಅನ್ನುತ್ತದೆ. ನಿಮ್ಮನ್ನು ಕೂರಿಸಿ ಮಾತಾಡಿಸಿದರಲ್ಲ, ಒಳ್ಳೆ ಜನ ಅವರು.

ಇಳಕಲ್_ಸೆರಗು

ಕಾಕಾ, ನೀವು ಹೇಳಿದ್ದು ಒಪ್ಪಿದೆ. ನಮಗೂ ಅವರ ಮೇಲೆ ಸಿಟ್ಟಿಲ್ಲ. ಹೊರಡುವಾಗ ಚಹಾ ಕೊಟ್ಟು ಕಳಿಸಿದರು. ನನಗೆ ಬೇಕಾಗಿದ್ದು ಅವರ ಎದೆ ಧಸಕ್ ಅನ್ನದ ಹಾಗೆ ಆಡೋದು ಹೇಗೆ ಅನ್ನೋದು.

ಸರಪಳಿ_ಮಾಸ್ತರ, ವಿಜಯಪುರ

ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದವನು ನಾನು. ತಂಗಿ, ನಿನ್ನ ಆಟದಲ್ಲಿ ನನಗೆ ಕುತೂಹಲ ಬಂದಿದೆ. ಕಲ್ಲು ಸರಿಸುವ ಪರಿಸ್ಥಿತಿ ಯಾಕೆ ಬಂತು? ಜಾಗ ಸರಿಯಾಗಿ ಗೊತ್ತಿದ್ದರೆ ಕುರ್ಪಿಯೇ ಬೇಕಿಲ್ಲ.

ಮೊಬೈಲ್ ಜಿಪಿಎಸ್ ಬಯಲಿನಲ್ಲಿ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಜಾಗ ಹೇಳಲು ಅದಕ್ಕೆ ಕನಿಷ್ಠ 4 ಉಪಗ್ರಹ ಕಾಣಬೇಕು. ಬಾದಾಮಿಯಂಥ ಕಡೆ ಕೆಂಪು ಬಂಡೆ ಗೋಡೆಯ ಹಾಗೆ ನಿಂತಿರುತ್ತದೆ, ಅರ್ಧ ಆಕಾಶ ಮುಚ್ಚಿಹೋಗುತ್ತದೆ. ಸಾಲದ್ದಕ್ಕೆ ಸಿಗ್ನಲ್ ಎದುರು ಬಂಡೆಗೆ ಬಡಿದು ಸುತ್ತಿ ಬರುತ್ತದೆ. ಸುತ್ತಿ ಬಂದದ್ದು ತಡವಾಗಿ ಬರುತ್ತದೆ. ಮೊಬೈಲ್ ಪಾಪ, ಉಪಗ್ರಹವೇ ಅಷ್ಟು ದೂರ ಇದೆ ಅಂತ ತಿಳಿದುಕೊಳ್ಳುತ್ತದೆ. ಆಗ 5 ಮೀಟರ್ ಹೋಗಿ 20, 30 ಆಗುತ್ತದೆ. ಬಂಡೆಯ ಬುಡದಲ್ಲಿ ಇಡಬೇಡ. ಬಯಲಿಗೆ ಬಾ, ಒಂಟಿ ಮರ ಹಿಡಿ. ಒಂದೇ ಸಲ ನೋಡಿ ಬರೆದುಕೊಳ್ಳಬೇಡ, ನಾಲ್ಕೈದು ಸಲ ನೋಡು.

ಇನ್ನೊಂದು ಪ್ರಶ್ನೆ. ಅಂಕಿ ಬರೆಯುವುದು ಹೇಗೆ? ನಿಮಿಷ ಸೆಕೆಂಡಿನಲ್ಲೋ, ದಶಮಾಂಶದಲ್ಲೋ?

ಇಳಕಲ್_ಸೆರಗು

ಅಯ್ಯೋ ಸರ್, ಗಾಯದ ಮೇಲೆ ಉಪ್ಪು ಹಾಕಿದಿರಿ. ನಮ್ಮ ಮೊದಲ ದೊಡ್ಡ ಜಗಳ ಇದೇ. ಅವರು 15 ಡಿಗ್ರಿ 55 ನಿಮಿಷ 30 ಸೆಕೆಂಡ್ ಅಂತ ಚೀಟಿಯಲ್ಲಿ ಬರೆದಿದ್ದರು. ನಾನು ಆ್ಯಪ್‌ನಲ್ಲಿ 55.30 ಅಂತ ಹಾಕಿದೆ. ಒಂದು ಸೋಮಾರಿ ಎಮ್ಮೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಎರಡು ತಾಸು ಬಿಸಿಲಲ್ಲಿ ಹುಡುಕಿದೆ. ಅವರು ನಿಯಮದ ಪ್ರಕಾರ ಬಾಯಿ ಬಿಡದೆ ಹುಣಸೆ ಮರದ ಕೆಳಗೆ ಕೂತು ಶೇಂಗಾ ತಿಂದರು.

ಸರಪಳಿ_ಮಾಸ್ತರ

ಹಹಹ! 30 ಸೆಕೆಂಡ್ ಅಂದರೆ ಅರ್ಧ ನಿಮಿಷ, 55.50 ಹಾಕಬೇಕಿತ್ತು. ನೀನು 0.20 ನಿಮಿಷ ಕಡಿಮೆ ಹಾಕಿದೆ. ಅಕ್ಷಾಂಶದಲ್ಲಿ ಒಂದು ನಿಮಿಷ ಅಂದರೆ ಸುಮಾರು 1,852 ಮೀಟರ್. ಅಂದರೆ ನಿನ್ನ ಯಜಮಾನರ ಡಬ್ಬಿಯಿಂದ 370 ಮೀಟರ್ ದಕ್ಷಿಣಕ್ಕೆ ಹುಡುಕುತ್ತಿದ್ದೆ. ಎಮ್ಮೆಯ ತಪ್ಪೇನೂ ಇಲ್ಲ.

ಕರಿಕೋಟು, ಬೆಳಗಾವಿ

ವಕೀಲನಾಗಿ ಎರಡು ಮಾತು, ಫೀ ಬೇಡ.

ಒಂದು, ನಿಜವಾದ ನಿಧಿಯ ವಿಷಯ. ಬ್ರಿಟಿಷರ 1878ರ ನಿಧಿ ಕಾಯ್ದೆಯಲ್ಲಿ ನೆಲದಲ್ಲಿ ಹುದುಗಿದ, ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ಏನೇ ಸಿಕ್ಕರೂ ಕಲೆಕ್ಟರರಿಗೆ ತಿಳಿಸಬೇಕು ಅಂತಿತ್ತು. ಆಗಿನ ಹತ್ತು ರೂಪಾಯಿ ದೊಡ್ಡದು, ಅಂಕಿ ಮಾತ್ರ ಹಾಗೇ ಕೂತಿದೆ. ಆಮೇಲೆ ನಮ್ಮ ರಾಜ್ಯಕ್ಕೆ ತನ್ನದೇ ಕಾಯ್ದೆ ಬಂತು, 1962ರದು. ತಿರುಳು ಒಂದೇ, ಸಿಕ್ಕಿದ್ದನ್ನು ಮುಚ್ಚಿಡುವಂತಿಲ್ಲ. ಡಬ್ಬಿ ಹುಡುಕುವಾಗ ಹಳೆ ನಾಣ್ಯ, ಮೂರ್ತಿ ಏನಾದರೂ ಕಂಡರೆ ಮುಟ್ಟದೆ ತಿಳಿಸಿ.

ಎರಡು, ಸ್ಮಾರಕ. 1958ರ ಕಾಯ್ದೆ, 2010ರಲ್ಲಿ ತಿದ್ದುಪಡಿ ಆಯಿತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ.

ಬಾದಾಮಿ_ಮಂಗ್ಯಾ

ವಕೀಲ್ ಸಾಹೇಬ್ರೆ, ಅದು ಮನೆ ಕಟ್ಟೋದಕ್ಕೆ, ಗಣಿ ಮಾಡೋದಕ್ಕೆ ಇರೋ ನಿಯಮ. ಪ್ಲಾಸ್ಟಿಕ್ ಡಬ್ಬಿಗೂ ಅದಕ್ಕೂ ಏನು ಸಂಬಂಧ? ಸುಮ್ನೆ ಹೆದರಿಸಬೇಡಿ.

ಕರಿಕೋಟು

ಅಕ್ಷರಶಃ ನೀವೇ ಸರಿ. ಆದರೆ ಆ ವಾದವನ್ನು ನೀವು ಕಾವಲುಗಾರನ ಮುಂದೆ ಮಾಡುತ್ತೀರೋ, ಕೋರ್ಟಿನಲ್ಲಿ ಮಾಡುತ್ತೀರೋ? ಸ್ಮಾರಕದ ಕಲ್ಲು ಸಂದಿಯಲ್ಲಿ ಗುರುತಿಲ್ಲದ ಡಬ್ಬಿ ಕಂಡರೆ ಬಾಂಬ್ ಸ್ಕ್ವಾಡ್ ಬರುತ್ತದೆ ಸ್ವಾಮಿ. 300 ಮೀಟರ್ ಆಚೆ ಇಟ್ಟರೆ ನಿಮ್ಮ ಗಂಟೇನು ಹೋಗುತ್ತದೆ?

ರೊಟ್ಟಿಬುಟ್ಟಿ, ಗೋಕಾಕ

ಆಟದ ನಿಯಮದಲ್ಲೇ ಮಾಲೀಕರು ಸ್ಪಷ್ಟವಾಗಿ ಒಪ್ಪದ ಹೊರತು ನೆಲ ಅಗೆದು ಡಬ್ಬಿ ಹೂಳುವಂತಿಲ್ಲ ಅಂತ ಇದೆ. ಜಾಗದ ಮಾಲೀಕರ ಒಪ್ಪಿಗೆ ಬೇಕು. ಆ್ಯಪ್‌ಗೆ ಹಾಕುವುದಾದರೆ ಎರಡು ಡಬ್ಬಿಗಳ ನಡುವೆ 161 ಮೀಟರ್ ಅಂತರ ಇರಬೇಕು. ಹಾಗಾದರೆ ಕುರ್ಪಿ ಯಾಕೆ ಒಯ್ದಿರಿ ಅಕ್ಕಾ?

ಇಳಕಲ್_ಸೆರಗು

ಚೇಳಿನ ಭಯ. ಬರಿಗೈಲಿ ಕಲ್ಲು ಎತ್ತೋದು ಹೇಗೆ?

ರೊಟ್ಟಿಬುಟ್ಟಿ

ಕೋಲು ಒಯ್ಯಿರಿ. ಕೋಲು ಹಿಡಿದವರನ್ನು ಕುರಿ ಕಾಯುವವರು ಅಂತಾರೆ, ಕುರ್ಪಿ ಹಿಡಿದವರನ್ನು ನಿಧಿಗಳ್ಳರು ಅಂತಾರೆ. ಕಾಲಿಗೆ ಬೂಟು ಇರಲಿ. ನಮ್ಮ ಕಡೆ ಕಲ್ಲಿನ ಸಂದಿಗೆ ಗರಗಸ ಮಂಡಲ ಹಾವು ಸುತ್ತಿಕೊಂಡು ಮಲಗಿರುತ್ತದೆ, ಕಲ್ಲಿನ ಬಣ್ಣವೇ ಅದಕ್ಕೂ. ನಾವು ಗಂಡ ಹೆಂಡತಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕೋದಿಲ್ಲ. ಇಡುವವರು ಎದೆಯ ಎತ್ತರಕ್ಕೇ ಇಡಬೇಕು, ಮರದ ಕವಲಿಗೋ, ಬೇಲಿ ಕಂಬದ ಹಿಂದೆಯೋ. ಡಬ್ಬಿಯಲ್ಲಿ ತಿನ್ನುವ ವಸ್ತು ಇಡಬೇಡಿ, ಇರುವೆ ಮುತ್ತುತ್ತವೆ.

ಬಾದಾಮಿ_ಮಂಗ್ಯಾ

ಇರುವೆ ಬಿಡಿ, ನಮ್ಮೂರ ಮಂಗಗಳ ಕಥೆ ಕೇಳಿ. ನನ್ನ ಹೆಂಡತಿ ಅಗಸ್ತ್ಯತೀರ್ಥದ ಆಚೆ ದಂಡೆಯ ಕಡೆ ಡಬ್ಬಿ ಇಟ್ಟಿದ್ದಳು. ಅದು ಮೊದಲು ಚಕ್ಕುಲಿ ಡಬ್ಬಿ. ತೊಳೆದಿದ್ದೇನೆ ಅಂದಳು. ವಾಸನೆ ಹೋಗಿರಲಿಲ್ಲ ಅನ್ನಿಸುತ್ತೆ. ನಾನು ತಲುಪೋ ಹೊತ್ತಿಗೆ ಒಂದು ಮುದಿ ಮಂಗ ಬಂಡೆ ಮೇಲೆ ಕೂತು ಮುಚ್ಚಳ ತೆಗೆದು, ಪುಸ್ತಕ ಹೊರಗೆ ತೆಗೆದು, ಪುಟ ತಿರುವುತ್ತಿತ್ತು. ಹೆಸರೊಂದು ಬರೆಯಲಿಲ್ಲ ಅಷ್ಟೆ. ಮೊದಲು ಕಂಡುಹಿಡಿದ ಮರ್ಯಾದೆ ಅದಕ್ಕೇ ಕೊಟ್ಟೆವು.

ಗುಮ್ಮಟದ_ಗಿಳಿ

ನಿಮ್ಮ ಹೆಸರು ಬಾದಾಮಿ ಮಂಗ್ಯಾ. ಹುಡುಕಿದ್ದು ನೀವೇ ಇರಬೇಕು.

ಹೊಸ_ಹೊರಸು, ಬೆಳಗಾವಿ

ಈ ಆಟ ಕ್ಲಿಂಟನ್ ಶುರು ಮಾಡಿದ್ದಂತೆ, ಹೌದಾ?

ಸರಪಳಿ_ಮಾಸ್ತರ

ಅಲ್ಲಪ್ಪ. ಜಿಪಿಎಸ್ ಅಮೆರಿಕ ಸೈನ್ಯದ್ದು. ಸಾರ್ವಜನಿಕರಿಗೆ ಕೊಡುವ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿದ್ದರು, ಹಾಲಿಗೆ ನೀರು ಬೆರೆಸಿದ ಹಾಗೆ. ಕ್ಲಿಂಟನ್ ಅಧ್ಯಕ್ಷರಿದ್ದಾಗ, 2000ದ ಮೇ 2ರಂದು ಅದನ್ನು ನಿಲ್ಲಿಸಿದರು. ಒಂದೇ ರಾತ್ರಿಯಲ್ಲಿ ನಿಖರತೆ ಸುಮಾರು ಹತ್ತು ಪಟ್ಟು ಹೆಚ್ಚಿತು. ಮಾರನೇ ದಿನವೇ, ಮೇ 3ಕ್ಕೆ, ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಡೇವ್ ಉಲ್ಮರ್ ಅನ್ನುವವರು ಒಂದು ಬಕೆಟ್ ಬಚ್ಚಿಟ್ಟು ಅದರ ಅಂಕಿ ಇಂಟರ್ನೆಟ್ಟಿಗೆ ಹಾಕಿದರು. ಒಳಗೆ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್ ಇತ್ತು. ಮೂರು ದಿನದೊಳಗೆ ಹುಡುಕಿದರು. ಜಿಯೋಕ್ಯಾಶಿಂಗ್ ಅನ್ನೋ ಹೆಸರು ಬಂದಿದ್ದು ಆ ತಿಂಗಳ ಕೊನೆಗೆ.

ರೊಟ್ಟಿಬುಟ್ಟಿ

ಬೀನ್ಸ್ ಇಟ್ಟಿದ್ದರಾ? ಮೊದಲನೇ ಡಬ್ಬಿಯೇ ನಿಯಮ ಮುರಿದಿದೆ ಹಾಗಾದರೆ!

ಹೊಲದ_ಬದು

ನಮ್ಮ ಕಡೆ ಇದಕ್ಕಿಂತ ಹಳೆಯ ವಿದ್ಯೆ ಇತ್ತು. ಅಂಜನ ಹಾಕೋದು. ಕೈಗೆ ಕಪ್ಪು ಹಚ್ಚಿ ನೋಡಿದರೆ ಕೊಪ್ಪರಿಗೆ ಎಲ್ಲಿದೆ, ಅದರ ಮೇಲೆ ಎಷ್ಟು ಹೆಡೆ ಸರ್ಪ ಕೂತಿದೆ ಎಲ್ಲಾ ಕಾಣುತ್ತದೆ ಅಂತಿದ್ದರು. ಅಂಜನ ಹಾಕಿದವನು ರೊಕ್ಕ ಇಸ್ಕೊಂಡು ಊರು ಬಿಡುತ್ತಿದ್ದ. ಅಗೆದವನು ಸ್ಟೇಶನ್ನಿಗೆ ಹೋಗುತ್ತಿದ್ದ.

ಕುಂದಾ_ಕಡಾಯಿ

ಈಗಿನ ಅಂಜನಕ್ಕೆ ಡೇಟಾ ಪ್ಯಾಕ್ ಬೇಕು ಕಾಕಾ, ಅಷ್ಟೇ ವ್ಯತ್ಯಾಸ.

ಗುಮ್ಮಟದ_ಗಿಳಿ

ಅಕ್ಕಾ, ಡಬ್ಬಿಯೇ ಇಲ್ಲದೆ ಆಡಬಹುದು ಗೊತ್ತಾ? ನಾನು, ನನ್ನವರು ವಿಜಯಪುರದಲ್ಲಿ ಹೀಗೇ ಆಡ್ತೀವಿ. ಊರ ತುಂಬ ಸ್ಮಾರಕ, ಎಲ್ಲಿ ಡಬ್ಬಿ ಇಡೋದು? ಹಾಗಾಗಿ ಸ್ಮಾರಕವನ್ನೇ ಪ್ರಶ್ನೆ ಮಾಡ್ತೀವಿ, ಉತ್ತರ ಅಂಕಿಯಲ್ಲಿ ಬರಬೇಕು. ಬಾರಾಕಮಾನ್ ಹೆಸರಲ್ಲಿ ಎಷ್ಟು? 12. ಗೋಲಗುಮ್ಮಟದ ಮೂಲೆ ಗೋಪುರಕ್ಕೆ ಎಷ್ಟು ಅಂತಸ್ತು? 7. ಮಲಿಕ್-ಎ-ಮೈದಾನ್ ತೋಪಿನ ಬಾಯಿ ಸಿಂಹದ ಮುಖ, ಅದರ ಹಲ್ಲುಗಳ ನಡುವೆ ಸಿಕ್ಕಿಬಿದ್ದ ಪ್ರಾಣಿಯ ಹೆಸರಲ್ಲಿ ಎಷ್ಟು ಅಕ್ಷರ? ಎಲ್ಲಾ ಜೋಡಿಸಿದರೆ ಕೊನೆಯ ಜಾಗದ ಅಂಕಿ ಸಿಗುತ್ತದೆ. ಕೊನೆಯ ಜಾಗ ಯಾವಾಗಲೂ ಒಂದು ಚಹಾದಂಗಡಿಯೇ. ಅಂಗಡಿ ಅಜ್ಜಿಯ ಹತ್ತಿರ ಒಂದು ಲಕೋಟೆ ಕೊಟ್ಟಿಟ್ಟಿರುತ್ತೇವೆ.

ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದೇನೆ, ಆ ತೋಪಿನ ಬಾಯಲ್ಲಿ ಆನೆ ಇರೋದು ನಾನು ನೋಡಿದ್ದು ಹೋದ ವರ್ಷ. ಅಯ್ಯೋ, ಉತ್ತರ ಹೇಳಿಬಿಟ್ಟೆ.

ಇಳಕಲ್_ಸೆರಗು

ಇದು ಭಾರಿ ಚೆನ್ನಾಗಿದೆ! ಐಹೊಳೆಗೂ ಹೀಗೇ ಮಾಡಬಹುದು. "ಇಲ್ಲಿನ ದುರ್ಗಾ ಗುಡಿಯಲ್ಲಿ ಯಾವ ದೇವಿ?" ಅಂತ ಕೇಳಿ ಅವರನ್ನು ದಾರಿ ತಪ್ಪಿಸ್ತೀನಿ. ದುರ್ಗ ಅಂದರೆ ಅಲ್ಲಿ ಕೋಟೆ, ದೇವಿಗೂ ಆ ಹೆಸರಿಗೂ ಸಂಬಂಧ ಇಲ್ಲ.

ನಿವೃತ್ತಿ_ನೆರಳು, ಬೆಳಗಾವಿ

ನಮ್ಮದು ಅರವತ್ತು ದಾಟಿದ ಜೋಡಿ. ಮೊದಲು ಯಳ್ಳೂರಿನ ರಾಜಹಂಸಗಡ ಹತ್ತಿ, ಕಿತ್ತೂರು ಸುತ್ತಿ ಆಡುತ್ತಿದ್ದೆವು. ನಮ್ಮ ಯಜಮಾನರ ಮೊಣಕಾಲು ಆಪರೇಶನ್ ಆದ ಮೇಲೆ ಗುಡ್ಡ ನಿಂತಿತು. ಈಗ ಮನೆ ಮುಂದಿನ ಪಾರ್ಕಿನಲ್ಲಿ ಆಡ್ತೀವಿ. ಕಷ್ಟಕ್ಕೆ 1ರಿಂದ 5, ದಾರಿಗೆ 1ರಿಂದ 5 ಅಂತ ಅಂಕ ಕೊಡ್ತಾರಲ್ಲ, ನಮ್ಮದು ದಾರಿ 1, ಕಷ್ಟ 5. ಅವರು ಹೋದ ವಾರ ಡಬ್ಬಿಯನ್ನು ನನ್ನ ವಾಕಿಂಗ್ ಚೀಲದಲ್ಲೇ ಹಾಕಿದ್ದರು. ನಾಲ್ಕು ಸುತ್ತು ಅದನ್ನೇ ಹೊತ್ತುಕೊಂಡು ಹುಡುಕಿದೆ!

ಹೊಸ_ಹೊರಸು

ಆಂಟಿ, ಇದು ಮೋಸ ಅಲ್ವಾ?

ನಿವೃತ್ತಿ_ನೆರಳು

ಮೋಸವೇ. ಅವತ್ತು ರಾತ್ರಿ ಸಾರಿಗೆ ಉಪ್ಪು ಹಾಕಲಿಲ್ಲ.

ಖಾನಾಪುರ_ಕಾನು

ಖಾನಾಪುರ ಕಡೆ ಬರೋ ಆಸೆ ಇದ್ದವರಿಗೆ ಒಂದು ಮಾತು. ಭೀಮಗಡ ಅಭಯಾರಣ್ಯದೊಳಗೆ ಡಬ್ಬಿ ಗಿಬ್ಬಿ ಇಡಬೇಡಿ. ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಪ್ಲಾಸ್ಟಿಕ್ ಬಿಟ್ಟು ಬಂದರೆ ಅದು ಕಸವೇ, ಅದಕ್ಕೆ ಅಂಕಿ ಇದೆ ಅಂತ ನಿಧಿ ಆಗೋದಿಲ್ಲ. ಇಟ್ಟ ಡಬ್ಬಿ ಮರೆತು ಹೋಗುವವರೇ ಜಾಸ್ತಿ. ಮಳೆಗಾಲಕ್ಕೆ ಮೊದಲು ಎಲ್ಲಾ ವಾಪಸ್ ತರಬೇಕು, ನಮ್ಮ ಮಳೆಗೆ ಯಾವ ಮುಚ್ಚಳವೂ ನಿಲ್ಲೋದಿಲ್ಲ.

ಕುಂದಾ_ಕಡಾಯಿ

ಮಿರ್ಚಿ ಭಜಿ ಬದಲು ಪಣಕ್ಕೆ ಕರದಂಟು ಇಟ್ಟುಕೊಳ್ಳಿ. ಅಮೀನಗಡದ್ದು ಹತ್ತಿರವೇ ಇದೆಯಲ್ಲ.

ರೊಟ್ಟಿಬುಟ್ಟಿ

ಕರದಂಟು ಅಂದರೆ ಗೋಕಾಕದ್ದು. ಮುಗೀತು.

ಬಾದಾಮಿ_ಮಂಗ್ಯಾ

ಅಮೀನಗಡದ್ದು ತಿಂದಿಲ್ಲ ನೀವು. ಅದರಲ್ಲಿ ಅಂಟು ಬಾಯಿಗೆ ಸಿಗುತ್ತದೆ, ನಿಮ್ಮದರಲ್ಲಿ ಬೆಲ್ಲ ಮಾತ್ರ.

ರೊಟ್ಟಿಬುಟ್ಟಿ

ಬೆಲ್ಲ ಮಾತ್ರನಾ?! ಗೋಕಾಕಕ್ಕೆ ಬನ್ನಿ, ಜಲಪಾತದ ತೂಗುಸೇತುವೆ ಮೇಲೆ ನಿಂತು ಈ ಮಾತು ಹೇಳಿ.

ಕರಿಕೋಟು

ಈ ವ್ಯಾಜ್ಯ ಇವತ್ತು ಮುಗಿಯುವುದಿಲ್ಲ. ಮುಂದಿನ ತಾರೀಖು ಕೊಡಿ. ಅಕ್ಕಾರೆ, ನೀವು ಏನು ತೀರ್ಮಾನ ಮಾಡಿದಿರಿ?

ಇಳಕಲ್_ಸೆರಗು

ಇವತ್ತು ಅದೇ ಹಳ್ಳಿಗೆ ಹೋಗಿ ಬಂದೆವು. ಕಾಕಾ ಹೇಳಿದ್ದು ತಲೆಯಲ್ಲಿ ಕೊರೀತಿತ್ತು. ಬೆಳಿಗ್ಗೆ ಹೋದೆವು, ಲಿಂಬೆಹಣ್ಣು ಇಲ್ಲ, ಕುರ್ಪಿ ಇಲ್ಲ. ನೇರ ಕಟ್ಟೆಗೆ ಹೋಗಿ ಅವತ್ತಿನ ಹಿರಿಯರನ್ನು ಮಾತಾಡಿಸಿದೆವು. "ನಿಧಿ" ಅನ್ನೋ ಪದ ತೆಗೆಯಲೇ ಇಲ್ಲ, "ಕ್ಯಾಶ್" ಅಂತೂ ಇಲ್ಲವೇ ಇಲ್ಲ. "ಡಬ್ಬಿ ಆಟ" ಅಂದೆವು. ಅವರ ಕೈಯಲ್ಲೇ ಡಬ್ಬಿ ಕೊಟ್ಟು, ನೀವೇ ಬಚ್ಚಿಡಿ, ನಾವು ಹುಡುಕ್ತೀವಿ ಅಂದೆ.

ಅಜ್ಜ ಅಂಕಿ ಗಿಂಕಿ ಏನೂ ಕೊಡಲಿಲ್ಲ. "ಹುಣಚಿ ಗಿಡದಿಂದ ಬಾವಿ ಕಡೆ ಮುಖ ಮಾಡಿ ನಿಂತ್ರ, ಎಡಗೈ ತೋರಿಸೋ ದಿಕ್ಕಿಗೆ ಒಂದು ಬೀಡಿ ಸೇದಿ ಮುಗಿಯೋಷ್ಟು ನಡೀರಿ" ಅಂದರು. ನಮ್ಮಿಬ್ಬರಿಗೂ ಬೀಡಿ ಅಳತೆ ಗೊತ್ತಿಲ್ಲ. ಹಿಂದೆ ಇಪ್ಪತ್ತು ಹುಡುಗರು ಬಿಸಿ, ತಣ್ಣಗೆ ಅಂತ ಕೂಗುತ್ತಾ ಬಂದರು. ಒಂದು ತಾಸು ಬೇಕಾಯಿತು. ಡಬ್ಬಿ ಹಾಳು ಬಿದ್ದ ಬಂಡಿಯ ನೊಗದ ಕೆಳಗೆ ಇತ್ತು.

ಸರಪಳಿ_ಮಾಸ್ತರ

ಒಂದು ಬೀಡಿ ಅಂದರೆ ಅಂದಾಜು ಐದು ನಿಮಿಷ. ಅಜ್ಜನ ನಡಿಗೆಯಲ್ಲಿ 250 ಮೀಟರ್ ಹಿಡಿ.

ಹೊಲದ_ಬದು

ಚಲೋ ಆಯ್ತು ತಂಗಿ. ನಮ್ಮ ಊರಿಗೂ ಬರ್ರಿ. ಆ ಗುಂಡಿ ತೋರಿಸ್ತೀನಿ. ಹುಡುಗರು ಅದನ್ನೂ ನೋಡಬೇಕು.

ಭಜಿ_ಬಾಕಿ, ಬಾಗಲಕೋಟೆ

ನಮಸ್ಕಾರ, ಹೊಸ ಸದಸ್ಯ. ಮೇಲೆ ಬರೆದಿರುವ ಆ "ಮನೆಯವರು" ನಾನೇ. ಎರಡು ತಿದ್ದುಪಡಿ ಇವೆ. ಹುಣಸೆ ಮರದ ಕೆಳಗೆ ನಾನು ತಿಂದದ್ದು ಶೇಂಗಾ ಅಲ್ಲ, ಪುಟಾಣಿ. ಆಟ ಸಾಕು ಅಂದದ್ದು ಎರಡು ದಿನ ಮಾತ್ರ.

ಮುಂದಿನ ಭಾನುವಾರದ ಡಬ್ಬಿ ಈಗಾಗಲೇ ಇಟ್ಟಾಗಿದೆ. ಸುಳಿವು ಇಲ್ಲೇ ಹಾಕ್ತೀನಿ, ಆಕೆ ಓದುತ್ತಾಳೆ. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇದೆ, ಅದರ ಇಸವಿಯ ಮೂರು ಅಂಕಿ ಕೂಡಿಸಿ. ಅದರಿಂದ ಒಂದನೇ ಗುಹೆಯ ನಟರಾಜನ ಕೈಗಳ ಸಂಖ್ಯೆ ಕಳೆಯಿರಿ. ಉಳಿದಷ್ಟನೇ ಫಳಿ (ಸಾಮಾನಿಡುವ ಹಲಗೆ).

ಗುಮ್ಮಟದ_ಗಿಳಿ

ಇಸವಿ 578. ಕೂಡಿಸಿದರೆ 20. ನಟರಾಜನಿಗೆ 18 ಕೈ. 2 ಉಳೀತು. ಎರಡನೇ ಫಳಿ... ಯಾವ ಫಳಿ? ಗುಡ್ಡದಲ್ಲಿ ಫಳಿ ಎಲ್ಲಿರುತ್ತೆ?

ನಿವೃತ್ತಿ_ನೆರಳು

ಗುಡ್ಡದಲ್ಲಿ ಅಂತ ಯಾರು ಹೇಳಿದರು?

ಇಳಕಲ್_ಸೆರಗು

ಎಲ್ಲರೂ ಸುಮ್ನಿರಿ! ಯಾರೂ ಹೇಳಬೇಡಿ! ಅಡುಗೆಮನೆಗೆ ಹೊರಟೆ.

ಇಳಕಲ್_ಸೆರಗು

ಎರಡನೇ ಫಳಿಯಲ್ಲಿ ಅತ್ತೆಯವರ ಸಕ್ಕರೆ ಡಬ್ಬಿ ಬಿಟ್ಟರೆ ಏನೂ ಇಲ್ಲ. ಅದರೊಳಗೆ ಕೈ ಹಾಕಿದ್ದು ಅವರು ನೋಡಿದರು. ಈಗ ಮನೆಯಲ್ಲಿ ನಾನೇ ನಿಧಿಗಳ್ಳಿ.

ಭಜಿ_ಬಾಕಿ

ಮೇಲಿನಿಂದ ಎಣಿಸಿದೆಯಾ, ಕೆಳಗಿನಿಂದಲಾ? ಸುಳಿವು ಬೇಕಾದರೆ ಒಂದು ಪ್ಲೇಟ್ ಭಜಿ.